ಕಾಕಾ ಅವರ ಕಿಲುಬು

ಕಾಕಾ ಅವರ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಸದಾ ಒಂದು ಹಸಿರು ಗೆರೆ ಇರುತ್ತಿತ್ತು. ಹಳೆಯ ತಾಮ್ರದ ನಾಣ್ಯಗಳನ್ನು ಸವರಿ ಸವರಿ ಅಂಟಿಸಿಕೊಂಡ ಕಿಲುಬು ಅದು. ಊಟಕ್ಕೆ ಕೂತಾಗ ಅವರ ಹೆಂಡತಿ ಕಾಕು ಅದನ್ನು ನೋಡಿ ಮುಖ ಸಿಂಡರಿಸುತ್ತಿದ್ದರು.

ಕೂಕಟ್‌ಪಲ್ಲಿಯಲ್ಲಿ ನಮ್ಮ ಮೇಲಿನ ಮನೆಯವರು ಅವರು, ಸಂಬಂಧಿಕರೇನಲ್ಲ. ನಾನು ಲಿಫ್ಟಿನಲ್ಲಿ ಅಮ್ಮನ ಜೊತೆ ಫೋನಿನಲ್ಲಿ ಕನ್ನಡ ಮಾತಾಡುವುದನ್ನು ಕೇಳಿ, "ಯಾವೂರವಾ ನಿಮ್ದು?" ಅಂದರು. ಅಂದಿನಿಂದ ಕಾಕಾ ಆದರು. ಸರಕಾರಿ ನೌಕರಿಯಿಂದ ನಿವೃತ್ತರಾದವರು. ಭಾನುವಾರ ಬಂತೆಂದರೆ ಅಬಿಡ್ಸ್‌ನ ಫುಟ್‌ಪಾತಿನಲ್ಲಿ, ಹಳೆಯ ಪುಸ್ತಕಗಳ ಸಾಲಿನ ಕೊನೆಗೆ ನಾಣ್ಯ ಹರವಿಕೊಂಡು ಕೂರುವ ಚಾಚಾನ ಮುಂದೆ ಹಾಜರು. ಯಂತ್ರದ ನಾಣ್ಯ ಅವರಿಗೆ ಬೇಡ, ಸುತ್ತಿಗೆಯಿಂದ ಹೊಡೆದದ್ದೇ ಆಗಬೇಕು. ಒಳ್ಳೆಯದು ಸಿಕ್ಕರೂ ಸಿಕ್ಕಿತೆಂದು ಚಾಚಾನ ಮುಂದೆ ಒಪ್ಪಿಕೊಳ್ಳುತ್ತಿರಲಿಲ್ಲ. ಒಪ್ಪಿಕೊಂಡರೆ ಮುಂದಿನದಕ್ಕೆ ರೇಟು ಏರುತ್ತದಂತೆ.

"ಅಚ್ಚು ದೊಡ್ಡದು, ಬಿಲ್ಲಿ ಸಣ್ಣದವಾ. ಸುತ್ತಿಗಿ ಬಿದ್ದಾಗ ಅರ್ಧ ಹೆಸರು ಹೊರಗ ಉಳದುಬಿಡ್ತೈತಿ," ಎಂದು ಒಮ್ಮೆ ತೋರಿಸಿದರು. ಅವರ ಐದು ನಾಣ್ಯಗಳಲ್ಲಿ, ಅವನ್ನು ಹೊಡೆದ ಊರಿನ ಹೆಸರಿನ ಕೊನೆಯ ಫಾರ್ಸಿ ಅಕ್ಷರ ಹೀಗೇ ತಪ್ಪಿಹೋಗಿತ್ತು. ಅದೊಂದು ಸಿಕ್ಕರೆ ಅದು ತಮ್ಮ ಹುಟ್ಟೂರೇ ಎಂದು ಸಾಬೀತಾಗುತ್ತದೆಂಬ ನಂಬಿಕೆ ಅವರದು. "ನಮ್ಮೂರಾಗ ಟಂಕಸಾಲಿ ಇತ್ತಂದ್ರ ಮಂದಿ ನಗ್ತಾರ. ನಗಲಿ."

ಆರನೆಯದು ಸಿಕ್ಕಿತು. ಅಂಚಿನ ಕಿಲುಬಿನ ಕೆಳಗೆ ಏನೋ ಬೆರಳಿಗೆ ಹತ್ತಿತಂತೆ, ಕಣ್ಣಿಗೆ ಕಾಣಲಿಲ್ಲ. ಕಣ್ಣಲ್ಲಿ ಪೊರೆ ಬಂದಿತ್ತು. ಆಪರೇಷನ್ನಿಗೆ ಹೋಗುವ ಮುನ್ನ ಆ ನಾಣ್ಯವನ್ನು ನನ್ನ ಕೈಗಿಟ್ಟರು. "ನಿಮ್ಮ ಕಾಕು ಕೈಯಾಗ ಕೊಟ್ರ ಬೆಳಗಿ ಅಕ್ಷರಾನ ಅಳಿಸಿಬಿಡ್ತಾಳ. ನೀ ದೇವರ ಮನ್ಯಾಗ ಜತನ ಇಡು."

ಇಟ್ಟೆ. ಆ ವಾರವೇ ದೀಪಾವಳಿ. ಲಕ್ಷ್ಮೀಪೂಜೆಯ ಬೆಳಿಗ್ಗೆ ಹುಣಸೆಹಣ್ಣು, ಉಪ್ಪು ಹಿಡಿದು ಕೂತವಳು ತಂಬಿಗೆ, ಗಂಟೆ, ಆರತಿ ತಟ್ಟೆಯ ಜೊತೆ ಅದನ್ನೂ ಬೆಳಗಿಬಿಟ್ಟೆ. ಲಕ್ಷ್ಮಿಯ ಮುಂದೆ ಕಿಲುಬು ಹಿಡಿದದ್ದನ್ನು ಯಾರಾದರೂ ಇಡುತ್ತಾರೆಯೇ? ಕೈ ತಾನಾಗಿ ತಿಕ್ಕಿತು. ನಾಣ್ಯ ಥಳಥಳ ಹೊಳೆಯುವಾಗ ಕಾಕಾ ನೆನಪಾದರು.

ಆಸ್ಪತ್ರೆಯಿಂದ ಬಂದ ಮೇಲೆ ಕಾಕಾ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ನಾನು ಅಳುತ್ತ ನಿಂತಿದ್ದೆ.

"ಅಳಬ್ಯಾಡ ಹುಚ್ಚಿ. ಅಕ್ಷರ ಐತಿ. ನೀ ತೊಳದಿದ್ದಕ್ಕನ ಕಾಣಸ್ತು. ನಮ್ಮೂರನ ಇದು."

ಬದುಕಿದೆ ಅಂದುಕೊಂಡೆ. ಮುಂದಿನ ಭಾನುವಾರ ಅವರನ್ನು ಅಬಿಡ್ಸ್‌ಗೆ ಕರೆದುಕೊಂಡು ಹೋದವಳೂ ನಾನೇ. ಗಾಡಿ ನಿಲ್ಲಿಸಿ ಬರುವಷ್ಟರಲ್ಲಿ, ನನಗೆ ಬೆನ್ನು ಮಾಡಿ ಕೂತ ಕಾಕಾ ಹೇಳುತ್ತಿದ್ದರು: "ಆಖ್ರೀ ಹರಫ್ ಮಿಟ್ ಗಯಾ, ಚಾಚಾ. ಕುಛ್ ನಕ್ಕೋ ಪೂಛೋ."

ಕೊನೆಯ ಅಕ್ಷರ ಅಳಿಸಿಹೋಯಿತು, ಏನೂ ಕೇಳಬೇಡ. ಹಾಗಾದರೆ ಸುಳ್ಳು ಹೇಳಿದ್ದು ಯಾರಿಗೆ? ಎಂದಿನಂತೆ ಚಾಚಾನಿಗೋ, ಅಳುತ್ತಿದ್ದ ನನಗೋ? ಏನೂ ಕೇಳಿಸದವಳಂತೆ ಹೋಗಿ ಅವರ ಪಕ್ಕ ಕೂತೆ. ಅವರು ಆ ನಾಣ್ಯವನ್ನು ಬೇರೆಯವರಿಗೆ ತೋರಿಸಿದ್ದನ್ನೂ ನಾನು ಕಾಣೆ. ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದರು.

ಹೋದ ವರ್ಷ ತೀರಿಕೊಂಡರು. ಹದಿಮೂರನೆಯ ದಿನ ಎಲ್ಲರೂ ಉಂಡೆದ್ದ ಮೇಲೆ ಕಾಕು ಒಂದು ಲಕೋಟೆ ತಂದುಕೊಟ್ಟರು. "ನಿನಗ ಕೊಡು ಅಂದಿದ್ರವಾ. ಯಾಕಂತ ನನಗೂ ಹೇಳ್ಲಿಲ್ಲ." ಒಳಗೆ ಅದೇ ನಾಣ್ಯ, ಮತ್ತೆ ಕಂದುಬಣ್ಣಕ್ಕೆ ತಿರುಗಿತ್ತು. ಲಕೋಟೆಯ ಮೇಲೆ ಅವರ ಅಕ್ಷರದಲ್ಲಿ ಒಂದೇ ಮಾತು: "ತೊಳೀಬ್ಯಾಡವಾ."

ಇದು ಸಿಟ್ಟೋ, ಚೇಷ್ಟೆಯೋ, ಪ್ರೀತಿಯೋ? ನಾಣ್ಯವನ್ನು ಚಾಚಾನಿಂದ ಓದಿಸಿದರೆ ತಿಳಿಯುತ್ತದೆ. ಎರಡು ಸಲ ಅಬಿಡ್ಸ್‌ವರೆಗೆ ಒಯ್ದು ಹಾಗೇ ತಂದಿದ್ದೇನೆ. ಅಕ್ಷರ ಇಲ್ಲವೆಂದಾದರೆ, ನನಗಾಗಿ ಅವರು ತಮ್ಮ ಊರನ್ನೇ ಬಿಟ್ಟುಕೊಟ್ಟಂತೆ. ಅದನ್ನು ತಿಳಿದುಕೊಳ್ಳುವ ಧೈರ್ಯ ನನಗಿಲ್ಲ.

ಈ ದೀಪಾವಳಿಗೂ ಎಲ್ಲ ಬೆಳಗಿದೆ, ಅದೊಂದನ್ನು ಬಿಟ್ಟು. ಅದನ್ನು ಹಾಗೇ ಲಕ್ಷ್ಮಿಯ ಮುಂದಿಟ್ಟೆ. ಕುಂಕುಮ ಹಚ್ಚಿದರೆ ಆಮೇಲೆ ಒರೆಸಬೇಕಾಗುತ್ತದಲ್ಲ ಎಂದು ಕುಂಕುಮವನ್ನೂ ಹಚ್ಚಲಿಲ್ಲ. ತಪ್ಪಾಯಿತು ಎಂದು ಕೈಮುಗಿದೆ. ಲಕ್ಷ್ಮಿಗೋ, ಕಾಕಾ ಅವರಿಗೋ, ನನಗೇ ತಿಳಿಯಲಿಲ್ಲ.