ಭಾವನಿಗೆ ಮಾಡದ ಫೋನು

ಸುಡುಬಿಸಿಲಿನಲ್ಲೂ ಸ್ವೆಟರ್ ಹಾಕಿಕೊಂಡು ಓಡಾಡುವುದರಿಂದ ದೊಡ್ಡಾಸ್ಪತ್ರೆಯಲ್ಲಿ ಅವನಿಗೆ ಸ್ವೆಟರಣ್ಣ ಎಂದೇ ಹೆಸರು ಬಿದ್ದಿತ್ತು. ಅವನು ಕೂರುವುದು ನೆಲಮಾಳಿಗೆಯ ಸರ್ವರ್ ಕೋಣೆಯಲ್ಲಿ. ಅಲ್ಲಿ ಯಾವಾಗಲೂ ಥಂಡಿ. ವೈರ್ ಎಳೆಯಲು ಬಂದವನು ಅಲ್ಲೇ ಉಳಿದು, ನೋಡಿ ನೋಡಿ ಕೆಲಸ ಕಲಿತಿದ್ದ.

ಊರಾಚೆಯ ಸಣ್ಣಾಸ್ಪತ್ರೆಯಲ್ಲೂ ಇಂಥದೇ ಒಂದು ಕೋಣೆ. ಅಲ್ಲಿರುವವನು ಅವನ ಹೆಂಡತಿಯ ಅಣ್ಣ. ಅಲ್ಲಿಂದ ಇಲ್ಲಿಗೆ ರೋಗಿಯನ್ನು ಕಳಿಸಬೇಕಾದರೆ ಇಲ್ಲಿ ಬೆಡ್ ಹಿಡಿಯಬೇಕು, ಅಲ್ಲಿ ಆಂಬುಲೆನ್ಸ್ ಹೊರಡಬೇಕು. ಒಂದಾಗಿ ಇನ್ನೊಂದು ಆಗದಿದ್ದರೆ ಕೆಟ್ಟಿತು. ಅದಕ್ಕೇ ನಡುವೆ ಇನ್ನೊಂದು ಸರ್ವರ್. ಅದು ಎರಡೂ ಕಡೆ ‘ತಯಾರಾ?’ ಎಂದು ಕೇಳುತ್ತದೆ. ಎರಡೂ ಕಡೆಯಿಂದ ‘ತಯಾರು’ ಎಂದು ಬಂದ ಮೇಲೆ ‘ಸರಿ, ಮಾಡಿ’ ಅನ್ನುತ್ತದೆ. ಒಂದು ಕಡೆ ಒಲ್ಲೆ ಅಂದರೂ ಎರಡೂ ಕಡೆ ರದ್ದು. ಒಮ್ಮೆ ತಯಾರು ಅಂದವರು ತಮ್ಮಷ್ಟಕ್ಕೆ ತಾವೇ ಹಿಂದೆ ಸರಿಯುವಂತಿಲ್ಲ. ನಡುವಿನದರ ಮಾತು ಬರುವ ತನಕ ಬೆಡ್ಡಿಗೆ ಲಾಕ್ ಹಾಕಿಕೊಂಡು ಕಾಯಬೇಕು. ನಡುವಿನದೇ ಕೈಕೊಟ್ಟರೆ, ಎರಡೂ ಕೋಣೆಯವರು ಫೋನ್ ಮಾಡಿ ಕೇಳಿಕೊಳ್ಳಬೇಕು: ನಿಮಗೇನು ಬಂತು?

ಆದರೆ ಇವರಿಬ್ಬರಿಗೆ ಮಾತು ಬಿಟ್ಟುಹೋಗಿತ್ತು. ಮನೆಯಲ್ಲಿ ಊಟಕ್ಕೆ ಕೂತಾಗ ಭಾವ ಎಲ್ಲರೆದುರು, “ನಮ್ಮನೆ ಅಳಿಯಂದಿರಿಗೆ ಬರೋದು ಒಂದೇ ವಿದ್ಯೆ. ಆಫ್ ಮಾಡೋದು, ಆನ್ ಮಾಡೋದು” ಎಂದಿದ್ದ. ಇವನು, “ನಿಮಗೆ ಅದೂ ಬರಲ್ಲ” ಎಂದು ಅರ್ಧ ಊಟಕ್ಕೇ ಎದ್ದಿದ್ದ. ಅಲ್ಲಿಂದ ಮುಂದೆ ಏನಿದ್ದರೂ ‘ನಿಮ್ಮಣ್ಣನಿಗೆ ಹೇಳು’, ‘ನಿನ್ನ ಗಂಡನಿಗೆ ಹೇಳು’.

“ನಾನೇನು ನಿಮ್ಮಿಬ್ರ ನಡುವಿನ ಸರ್ವರಾ?” ಎಂದು ಹೆಂಡತಿ ಬಯ್ಯುತ್ತಿದ್ದಳು. “ನಾನೂ ಒಂದಿನ ಕೆಟ್ಟು ನಿಂತ್ಕೋತೀನಿ, ಆಗ ಗೊತ್ತಾಗತ್ತೆ.”

ಕೆಟ್ಟು ನಿಂತದ್ದು ನಿಜವಾದ ಸರ್ವರೇ. ಒಂದು ಮಧ್ಯಾಹ್ನ ವಾರ್ಡಿನಿಂದ ಸಿಸ್ಟರ್ ಫೋನ್ ಮಾಡಿದರು.

“ಸ್ವೆಟರಣ್ಣ, ಸಣ್ಣಾಸ್ಪತ್ರೆಯವ್ರಿಗೆ ಹಿಡಿದ ಬೆಡ್ ಯಾಕ್ರೀ ಹಂಗೇ ಲಾಕಾಗಿದೆ? ಇಲ್ಲೊಬ್ರು ಕಾಯ್ತಿದಾರೆ.”

“ನಡುವಿಂದು ನಿಂತೋಗಿದೆ ಸಿಸ್ಟರ್.”

“ಹಾಗಾದ್ರೆ ಆ ಕಡೆಯವರನ್ನ ಕೇಳಿ ಹೇಳಿ. ಬೇಗ.”

“ಹೂಂ.”

ಅವನು ಫೋನ್ ಎತ್ತಿದ. ಭಾವನ ನಂಬರ್ ತೆಗೆದ. ನೋಡುತ್ತ ಕೂತ. ‘ಮಾಡಿ’ ಅಂತ ಅಲ್ಲಿಗೆ ಬಂದಿದ್ದರೆ ಅವನೇ ಫೋನ್ ಮಾಡುತ್ತಿರಲಿಲ್ಲವೆ? ಮಾಡಿಲ್ಲ ಅಂದರೆ ರದ್ದಾಗಿದೆ. ಹಾಗಂತ ತನಗೆ ತಾನೇ ಹೇಳಿಕೊಂಡು ಫೋನ್ ಕೆಳಗಿಟ್ಟ. ಕೈಯಾರೆ ರದ್ದು ಮಾಡಿ ಲಾಕ್ ತೆಗೆದ. ಕಣ್ಣು ಮಿಟುಕಿಸುವುದರಲ್ಲಿ ಆ ಬೆಡ್ ಬೇರೆಯವರ ಪಾಲಾಯಿತು.

ಸ್ವಲ್ಪ ಹೊತ್ತಿಗೆಲ್ಲ ಸಣ್ಣಾಸ್ಪತ್ರೆಯ ಆಂಬುಲೆನ್ಸ್ ಬಂತು. ಬಟ್ಟೆ ಹೊಲಿಯುವ ಹೆಂಗಸು, ಲಕ್ವ ಹೊಡೆದು ಒಂದು ಮಗ್ಗುಲು ಬಿದ್ದುಹೋಗಿತ್ತು. ಬೇರೆ ಬೆಡ್ ಖಾಲಿಯಾಗುವ ತನಕ ಆಕೆ ವರಾಂಡದಲ್ಲಿ ಸ್ಟ್ರೆಚರ್ ಮೇಲೇ ಮಲಗಿದ್ದಳು. ಜೀವ ಉಳಿಯಿತು. ಬಲಗೈ ಏಳಲಿಲ್ಲ. ಬೇಗ ಚಿಕಿತ್ಸೆ ಸಿಕ್ಕಿದ್ದರೆ ಕೈ ಉಳಿಯುತ್ತಿತ್ತೋ ಏನೋ, ಖಂಡಿತ ಹೇಳಲಾಗದು ಎಂದರು ಡಾಕ್ಟರು.

ಮರುದಿನ ಅವನು ವಾರ್ಡಿನ ಕಡೆ ಹೋದಾಗ ಆಕೆಯ ಗಂಡ, ಒಬ್ಬ ಮುದುಕ, ಬೆಂಚಿನ ಮೇಲೆ ಕೂತು ಆಯಾಳ ಹತ್ತಿರ ಹೇಳುತ್ತಿದ್ದ: “ಎಲ್ಲಾ ನನ್ನಿಂದಾನೇ ಕಣಮ್ಮ. ಅವಳ ಕನ್ನಡಕ ಹುಡುಕ್ತಾ ನಿಂತೆ. ಗಾಡಿ ಕಾಯಿಸ್ಬಿಟ್ಟೆ. ಅಷ್ಟರಲ್ಲಿ ಬೆಡ್ ಹೋಯ್ತು.”

ಸ್ವೆಟರಣ್ಣ ಅಲ್ಲಿಂದಲೇ ಹಿಂದಿರುಗಿದ. ನೆಲಮಾಳಿಗೆಗೆ ಇಳಿದು ಭಾವನಿಗೆ ಫೋನ್ ಮಾಡಿದ.

“ನಿಮಗೆ ಏನು ಬಂದಿತ್ತು ಭಾವ?”

“ಮಾಡಿ ಅಂತ ಬಂದಿತ್ತು. ಬೇಕಾದ್ರೆ ನೀವೇ ಫೋನ್ ಮಾಡ್ತೀರಿ ಅಂತ ನಾನೂ ಬಿಗ್ಕೊಂಡು ಕೂತೆ. ತಪ್ಪು ನಂದೂ ಇದೆ.”

“ನೀವು ಸುಮ್ನೆ ಕೂತ್ರಿ. ನಾನು ಕೈಯಾಡಿಸಿದೆ.”

ಅವನು ಮತ್ತೆ ಮೇಲೆ ಹೋದ. ಮುದುಕನ ಪಕ್ಕ ಕೂರುವ ಧೈರ್ಯ ಬರಲಿಲ್ಲ. ನಿಂತೇ ಹೇಳಿದ.

“ಯಜಮಾನ್ರೇ, ಬೆಡ್ ಹೋಗಿದ್ದು ನಿಮ್ಮಿಂದ ಅಲ್ಲ. ನಾನು ರದ್ದು ಮಾಡಿದ್ದು. ಆ ಕಡೆಯವರನ್ನ ಕೇಳ್ಬೇಕಿತ್ತು, ಕೇಳ್ಲಿಲ್ಲ.”

ಮುದುಕ ತಲೆಯೆತ್ತಿದ. “ಯಾಕೆ ಕೇಳ್ಲಿಲ್ಲ?”

“ಮನೆ ಜಗಳ. ಮಾತು ಬಿಟ್ಟಿದ್ವಿ.”

ಮುದುಕ ಅವನನ್ನೇ ನೋಡಿದ. “ಮತ್ತೆ ಕನ್ನಡಕ?”

“ನಿಮ್ಮ ಗಾಡಿ ಅಲ್ಲಿನ ಗೇಟು ದಾಟೋಕೆ ಮುಂಚೇನೇ ಬೆಡ್ ಬಿಟ್ಕೊಟ್ಟಿದ್ದೆ. ನಾನು ಲಾಕ್ ತೆಗೀದೇ ಇದ್ದಿದ್ರೆ ನೀವು ತಡವಾಗಿ ಬಂದ್ರೂ ಬೆಡ್ ಇರ್ತಿತ್ತು. ಕನ್ನಡಕಕ್ಕೂ ಅದಕ್ಕೂ ಸಂಬಂಧ ಇಲ್ಲ.”

ಬಯ್ಯುತ್ತಾನೆ ಅಂದುಕೊಂಡ. ಬಯ್ಯಲಿ ಅಂತಲೂ ಆಸೆ ಇತ್ತು. ಮುದುಕ ಬಯ್ಯಲಿಲ್ಲ, ಹೋಗಲಿ ಬಿಡು ಅಂತಲೂ ಅನ್ನಲಿಲ್ಲ. ಎರಡೂ ಕೈಯಿಂದ ಮುಖ ಒರೆಸಿಕೊಂಡ.

“ಮಗಳು ಒಳಗಿದಾಳೆ. ನಿನ್ನೆಯಿಂದ ನನ್ನ ಮುಖ ನೋಡಿಲ್ಲ. ಹತ್ತಿರ ಬರಬೇಡ ಅಂದಿದಾಳೆ. ಅವಳಿಗೆ ಹೇಳಿ ಇದನ್ನ.”

“ಹೇಳ್ತೀನಿ.”

ಒಳಗೆ ಮಗಳು ತಾಯಿಯ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಬೆರಳು ನೀವುತ್ತಿದ್ದಳು. ತಾಯಿ ಎಚ್ಚರವಾಗಿಯೇ ಇದ್ದಳು.

“ಯಾರು ನೀವು?” ಎಂದಳು ಮಗಳು.

“ನಿಮ್ಮಮ್ಮನ ಬೆಡ್ ರದ್ದು ಮಾಡಿದವನು” ಎಂದ. ನಡೆದದ್ದನ್ನು ಮೊದಲಿಂದ ಹೇಳಿದ. ಕನ್ನಡಕದ ಮಾತನ್ನು ಎರಡು ಸಲ ಹೇಳಿದ.

ಅವಳ ಮುಖ ಕೆಂಪೇರಿತು. “ಆಚೆ ಹೋಗಿ” ಎಂದಳು. ಅವನು ಬಾಗಿಲ ತನಕ ಬಂದ ಮೇಲೆ ಹಿಂದಿನಿಂದ ಅವಳ ದನಿ ಕೇಳಿತು: “ಹೊರಗೆ ನಮ್ಮಪ್ಪ ಇದಾರೆ. ಒಳಗೆ ಬರೋಕೆ ಹೇಳಿ.”