ಕಷಾಯದ ಬಣ್ಣ

ದುಮ್ಮವಾಡದ ಶಾಂತಾ ಟೀಚರ್ ನಿವೃತ್ತ ಚಿತ್ರಕಲಾ ಶಿಕ್ಷಕಿ. ಮಿದುಳಿನ ಕ್ಯಾನ್ಸರ್ ಗಡ್ಡೆಗೆ ಆಪರೇಷನ್ ಆಗಿ, ಹುಬ್ಬಳ್ಳಿಯಲ್ಲಿ ಇನ್ನೂ ಚಿಕಿತ್ಸೆ ನಡೆದಿತ್ತು. ಆ ದಿನಗಳಲ್ಲಿ ಅವರು ಬಿಡಿಸಿದ ಚಿತ್ರಗಳ ಫೋಟೋ ತೆಗೆಯಲು ಹೋಗಿದ್ದೆ. ಗೋಡೆಗೆ ಒರಗಿಸಿದ್ದ ದೊಡ್ಡ ಚಿತ್ರ ಅವರದೇ ತಲೆಯ ಸ್ಕ್ಯಾನ್. ನಡುವೆ ಕಪ್ಪು ಹಸಿರಿನ ಗಡ್ಡೆ.

ಅಷ್ಟರಲ್ಲಿ ಊರಿನ ನಾಟಿವೈದ್ಯರು ಬಂದರು. ಆಸ್ಪತ್ರೆ ಬಿಟ್ಟು ತಮ್ಮ ಬೇರಿನ ಕಷಾಯ ಕುಡಿದರೆ ಗಡ್ಡೆ ಕರಗುತ್ತದೆಂದು ಟೀಚರ ಯಜಮಾನರನ್ನು ಅರ್ಧ ಒಪ್ಪಿಸಿದ್ದ ಮಹಾನುಭಾವರು.

"ನೋಡ್ರಿ, ಅಕ್ಕಾರು ಎದ್ದು ಕುಂತು ಚಿತ್ರಾ ತಗೀಲಿಕತ್ತಾರ. ಎಲ್ಲಾ ನನ್ನ ಔಷಧದ ಗುಣಾ," ಎಂದು ನನಗೆ ಹೇಳಿದರು.

"ಹೌದ್ರಿ," ಎಂದರು ಟೀಚರ್. "ನಿಮ್ಮ ಔಷಧ ಇಲ್ಲದಿದ್ರ ಈ ಚಿತ್ರಾನ ಆಗ್ತಿದ್ದಿಲ್ಲ. ಗಡ್ಡಿಗೆ ಪೂರಾ ನಿಮ್ಮ ಕಷಾಯನ ಹಚ್ಚೀನಿ. ಅಗದಿ ಘಟ್ಟಿ ಬಣ್ಣ, ತೊಳದ್ರೂ ಹೋಗೂದಿಲ್ಲ."

"ಒಂದ್ ಗುಟುಕೂ ಕುಡೀಲಿಲ್ಲೇನ್ರಿ?" ಎಂದರು ವೈದ್ಯರು.

"ಕುಡದಿದ್ರ ಚಿತ್ರಕ್ಕ ಕಡಿಮಿ ಬೀಳ್ತಿತ್ತಲ್ರಿ."

ದಿನಾ ಮುಂಜಾನೆ ಆ ಕಷಾಯ ಕಾಸಿ ಕೈಗೆ ಕೊಡುತ್ತಿದ್ದ ಯಜಮಾನರು ಬಾಗಿಲಲ್ಲೇ ಬಾಯಿ ತೆರೆದು ನಿಂತರು.

ವೈದ್ಯರು ಸಿಟ್ಟಾಗಿ ಹೊರಡುತ್ತಾರೆಂದುಕೊಂಡೆ. ಅವರೋ ಚಿತ್ರವನ್ನು ಸ್ವಲ್ಪ ಹೊತ್ತು ನೋಡಿ, ಶಲ್ಯ ಸರಿಮಾಡಿಕೊಂಡು, ಗಡ್ಡೆಯ ಬಾಜು ಹೋಗಿ ನಿಂತರು.

"ನಂದೂ ಒಂದ್ ಫೋಟೋ ಹೊಡೀರಿ. ನಮ್ಮ ದವಾಖಾನಿ ಬೋರ್ಡಿಗೆ ಬೇಕಾಗ್ತದ."

ಟೀಚರ್ ಹೊಟ್ಟೆ ಹಿಡಿದುಕೊಂಡು ನಕ್ಕು, ಹೊಡೆಯಿರಿ ಎಂದು ಸನ್ನೆ ಮಾಡಿದರು. ಹೊಡೆದೆ. ಟೀಚರ್ ಈಗಲೂ ಹುಬ್ಬಳ್ಳಿಯ ಆಸ್ಪತ್ರೆಗೆ ತಪ್ಪದೆ ಹೋಗಿಬರುತ್ತಾರೆ, ಯಜಮಾನರೇ ಕರೆದೊಯ್ಯುತ್ತಾರೆ. ವೈದ್ಯರ ಫೋಟೋ ಕೂಡ ಚೆನ್ನಾಗಿ ಬಂದಿದೆ. ಅದರಲ್ಲಿರುವ ಇಬ್ಬರಲ್ಲಿ ಸ್ವಲ್ಪ ನಾಚಿಕೊಂಡಂತೆ ಕಾಣುವುದು ಗಡ್ಡೆ ಮಾತ್ರ.