ರೋಮದ ಹೊಟ್ಟೆಯ ಪ್ರಾಣಿಗೆ ಬುರುಲ್ಚಾ ಎಜೆಯ ಸಾಕ್ಷಿ

ಬಿಸಿಲು ಇನ್ನೂ ಬೆಟ್ಟದ ಆಚೆಗಿದೆ. ಸಾರಿ-ಚೆಲೆಕ್ ಸರೋವರದ ಅಂಚಿನ ತೆಳು ಮಂಜುಗಡ್ಡೆಯನ್ನು ಬೂಟಿನ ಹಿಮ್ಮಡಿಯಿಂದ ಒಡೆದು ನೀರಿಗಿಳಿದ ಬುರುಲ್ಚಾ, ಪಾಚಿಯನ್ನು ಬುಡಸಮೇತ ಎತ್ತಿ ಬಾಟಲಿಯೊಳಕ್ಕೆ ಹಿಂಡುತ್ತಾರೆ. ದಾರಿಯಲ್ಲಿ ಹೆಪ್ಪುಗಟ್ಟದಿರಲೆಂದು ಬಾಟಲಿಯನ್ನು ಕೋಟಿನೊಳಗೆ ಇಟ್ಟುಕೊಳ್ಳುತ್ತಾರೆ.

“ಕುದುರೆ ಹತ್ತಿದ್ರೆ ಬೇಗ ಹೋಗ್ಬೋದು. ಆದ್ರೆ ಬಾಟಲಿ ಒಳಗಿರೋರಿಗೆ ತಲೆ ತಿರುಗುತ್ತಲ್ಲ!” ಎಂದು ನಗುತ್ತಾರೆ.

ಐವತ್ತೆಂಟರ ಈಕೆ ನೀರು ಸಂಶೋಧನಾ ಕೇಂದ್ರದ ಸಹಾಯಕಿ. ಊರಿಗೆಲ್ಲ ಎಜೆ, ಅಂದರೆ ಅಕ್ಕ. ನೆಲ ಒರೆಸಲು ಸೇರಿದವರು ಸೂಕ್ಷ್ಮದರ್ಶಕ ಒರೆಸುವಾಗ ಒಮ್ಮೆ ಒಳಗೆ ಇಣುಕಿದರು. ಅಲ್ಲಿಂದ ಮೂವತ್ತೊಂದು ವರ್ಷ ಕಣ್ಣು ಕೀಳಲಿಲ್ಲ. ವಾರಕ್ಕೆ ನಾಲ್ಕು ಬೆಳಗು ಆರು ಕಿಲೋಮೀಟರ್ ನಡಿಗೆ, ಆಮೇಲೆ ನಲವತ್ತು ಹನಿಗಳ ಪರೀಕ್ಷೆ.

ಅವರ ಅಚ್ಚುಮೆಚ್ಚಿನ ಪ್ರಾಣಿ ಮಿಲಿಮೀಟರಿನ ಎಂಟನೇ ಒಂದು ಭಾಗದಷ್ಟಿದೆ. ಹೊಟ್ಟೆಗೆ ರೋಮ, ಬೆನ್ನಿಗೆ ಹುರುಪೆ, ಕವಲೊಡೆದ ಬಾಲ. ಹುರುಪೆ ನೋಡಿದರೆ ಒಂದು ಕುಲ, ಬೆನ್ನ ತುದಿಯ ಎರಡು ಮುಳ್ಳು ನೋಡಿದರೆ ಇನ್ನೊಂದು. ಹಾಗಾಗಿ ಸರೋವರದ ಜೀವಿಗಳ ಪಟ್ಟಿಯಲ್ಲಿ ಅದರ ಕುಲದ ಪಕ್ಕ ಪ್ರಶ್ನೆ ಚಿಹ್ನೆಯಿದೆ. ಕೆಡದಂತಿಡುವ ಔಷಧಿಯಲ್ಲಿಟ್ಟರೆ ಮುದುಡಿಹೋಗುತ್ತದೆ, ಜೀವಂತವಾಗಿಯೇ ನೋಡಬೇಕು.

ಹೋದ ವಸಂತದಲ್ಲಿ ರಾಜಧಾನಿ ಬಿಷ್ಕೆಕ್‌ನಿಂದ ಬಂದ ತಜ್ಞ ಕೆಲ್ದಿಬೆಕ್ ಅದನ್ನು ಪಟ್ಟಿಯಿಂದಲೇ ತೆಗೆಯಲು ಹೊರಟರು.

“ಎಜೆ, ಇದು ಬೇರೆ ಜಾತಿನೇ ಅಲ್ಲ. ಇನ್ಯಾವುದರದೋ ಮರಿ. ಬೆಳೀತಾ ಮುಳ್ಳು ಉದುರಿಹೋಗುತ್ತೆ.”

“ಮರಿ ಎಲ್ಲಾದ್ರೂ ಗಬ್ಬ ಕಟ್ಟುತ್ತಾ ತಮ್ಮಾ? ಇದರ ಹೊಟ್ಟೇಲಿ ಮೊಟ್ಟೆ ನೋಡಿದ್ದೀನಿ, ಎರಡು ಸಲ.”

“ಬರೆದಿಟ್ಟಿದ್ದೀರಾ?”

ಬರೆದಿಟ್ಟಿರಲಿಲ್ಲ. ಪಟ್ಟಿ ಅಚ್ಚಿಗೆ ಹೋಗಲು ಒಂದು ತಿಂಗಳಿತ್ತು; ಅಷ್ಟರೊಳಗೆ ಪ್ರಾಣಿಯನ್ನು ಸಾಕಿ ಮೊಟ್ಟೆ ತೋರಿಸಬೇಕಿತ್ತು.

ಮನೆಯ ಹನ್ನೊಂದು ಚಹಾ ಬಟ್ಟಲುಗಳಿಗೂ ಸರೋವರದ ನೀರು ಬಿತ್ತು, ಮೇವಿಗೆಂದು ಬಟ್ಟಲಿಗೊಂದು ಬೆಂದ ಗೋಧಿಕಾಳು. ಗಂಡ ಎಸೆನ್‌ಕುಲ್ ಗೊಣಗಿದ್ದೇ ಗೊಣಗಿದ್ದು: “ನೆಂಟರು ಬಂದ್ರೆ ಚಹಾನ ಅಂಗೈಗೆ ಸುರೀತೀಯಾ?”

“ನೆಂಟರು ಆಗ್ಲೇ ಬಂದಿದ್ದಾರೆ. ಸದ್ದು ಮಾಡ್ಬೇಡ.”

ಎಂಟು ಬಟ್ಟಲುಗಳಲ್ಲಿ ಎಲ್ಲವೂ ಸತ್ತವು. ಇಪ್ಪತ್ತಮೂರನೇ ದಿನ ಒಂಬತ್ತನೆಯದರ ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ, ಮುಳ್ಳಿರುವ ಒಂದರ ಒಡಲು ತುಂಬ ಒಂದೇ ಒಂದು ಮೊಟ್ಟೆ! ಬುರುಲ್ಚಾ ಯಾರನ್ನೂ ಕೂಗಲಿಲ್ಲ. ಮೊದಲು ಚಿತ್ರ ಬರೆದರು, ಕೆಳಗೆ ದಿನಾಂಕ ಹಾಕಿದರು. ಮೂರು ದಿನಕ್ಕೆ ಮೊಟ್ಟೆಯೊಡೆದು ಬಂದ ಮರಿಗೂ ಎರಡು ಮುಳ್ಳು.

ಸುದ್ದಿ ಕೇಳಿ ಓಡಿಬಂದ ಕೆಲ್ದಿಬೆಕ್ ಒಂದು ಗಂಟೆ ನೋಡಿದರು. “ಸೋತೆ ಎಜೆ. ಪಟ್ಟಿಯಲ್ಲಿ ಉಳೀತು,” ಎಂದು ತಾವೇ ಚಹಾ ಕಾಯಿಸಿ ಕೊಟ್ಟರು. ಕುಲ ಯಾವುದೆಂಬುದು ಮಾತ್ರ ಇಂದಿಗೂ ಇತ್ಯರ್ಥವಾಗಿಲ್ಲ.

ಬುರುಲ್ಚಾಗೆ ಅದರ ಚಿಂತೆಯಿಲ್ಲ. “ಯಾವ ಮನೆಗೆ ಸೇರಿದ್ದು ಅಂತ ಓದಿದೋರು ನಿಧಾನವಾಗಿ ಹೇಳ್ಲಿ. ‘ಇಂಥ ಪ್ರಾಣಿ ಇಲ್ಲ’ ಅನ್ನೋ ಮುಂಚೆ ಮಾತ್ರ ನನ್ನನ್ನ ಒಂದು ಮಾತು ಕೇಳ್ಬೇಕು.”